ಅಳೋದನ್ನು ಕಲಿಸಿದವರು: 'ನರುಟೊ'ದಲ್ಲಿ ಗುರುಗಳ ಸಾವು

[ಪರದೆಯ ಮೇಲೆ: ರಾತ್ರಿ. ಬೀದಿದೀಪದ ಕೆಳಗೆ ಒಂದು ಬೆಂಚು.]

ಎರಡು ಕಡ್ಡಿ ಇರುವ ಐಸ್ ಕ್ಯಾಂಡಿ. ಮಧ್ಯಕ್ಕೆ ಮುರಿದರೆ ಇಬ್ಬರಿಗಾಗುತ್ತದೆ. ಹದಿನಾರು ವರ್ಷದ ಹುಡುಗ ಅದನ್ನು ಕೈಯಲ್ಲಿ ಹಿಡಿದು ಒಬ್ಬನೇ ಕೂತಿದ್ದಾನೆ. ತಿನ್ನುತ್ತಿಲ್ಲ. ಕ್ಯಾಂಡಿ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿದೆ.

ಹಿಂದೊಮ್ಮೆ ಇಂಥದೇ ಕ್ಯಾಂಡಿ ಮುರಿದು ಅವನಿಗೆ ಅರ್ಧ ಕೊಟ್ಟವರು ಅವನ ಗುರು ಜಿರಾಯ. ಇವತ್ತು ಅವರಿಲ್ಲ.

ಹುಡುಗನ ಹೆಸರು ನರುಟೊ. ಇದು ಜಪಾನಿನ ಅನಿಮೇಷನ್ ಸರಣಿ, ಅಂದರೆ ಅನಿಮೆ, 'ನರುಟೊ ಶಿಪ್ಪುಡೆನ್'ನ 152ನೇ ಸಂಚಿಕೆ. ನಮಸ್ಕಾರ ಗೆಳೆಯರೇ. ನಿಂಜಾ ಅನಿಮೆ ಅಂದ ತಕ್ಷಣ ನೆನಪಾಗೋದು ಹೊಡೆದಾಟ. ನನಗೆ ಮಾತ್ರ ಈ ಬೆಂಚು ನೆನಪಾಗುತ್ತದೆ. ಅದಕ್ಕೆ ಇವತ್ತು ಈ ಕಥೆಯಲ್ಲಿ ಗುರು ಸತ್ತಾಗ ಏನಾಗುತ್ತದೆ ಅನ್ನೋದನ್ನು ಮಾತಾಡೋಣ. ನೋಡದೇ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ.

ಇದಕ್ಕೆ ಮೂಲವಾದ ಮಸಾಶಿ ಕಿಶಿಮೊಟೊ ಅವರ ಮಂಗಾ, ಅಂದರೆ ಜಪಾನಿ ಚಿತ್ರಕಥೆ, 1999ರಿಂದ 2014ರವರೆಗೆ ನಡೆಯಿತು. ಒಟ್ಟು 700 ಅಧ್ಯಾಯ. ಇಷ್ಟು ಉದ್ದದ ಕಥೆಯಲ್ಲಿ ಸಾವು ಜಾಸ್ತಿ ಇರೋದು ಸಹಜ. ಆದರೆ ಗುರುಗಳ ಸಾವಿಗೆ ಇಲ್ಲಿ ಬೇರೆಯದೇ ಜಾಗವಿದೆ. ದುಃಖವನ್ನು ಹೇಗೆ ಹೊರಬೇಕು ಅನ್ನೋದೂ ಒಂದು ವಿದ್ಯೆ ಅಂತ ಈ ಕಥೆ ನಂಬುತ್ತದೆ. ಒಬ್ಬರಿಂದ ಇನ್ನೊಬ್ಬರು ಅದನ್ನು ಕಲಿಯಬೇಕು.

ಶಿಕಮಾರುವಿನಿಂದ ಶುರು ಮಾಡೋಣ. ಸೋಮಾರಿ, ಆದರೆ ಊರಿನಲ್ಲೇ ಬುದ್ಧಿವಂತ. ಅವನ ಗುರು ಅಸುಮ. ಇಬ್ಬರೂ ಶೋಗಿ ಆಡುತ್ತಾರೆ. ಶೋಗಿ ಅಂದರೆ ಜಪಾನಿನ ಚದುರಂಗ. 80ನೇ ಸಂಚಿಕೆಯಲ್ಲಿ ಅಸುಮ ಶಿಷ್ಯರ ಕಣ್ಣೆದುರೇ ತೀರಿಕೊಳ್ಳುತ್ತಾರೆ. ಸಾಯುವ ಮುಂಚೆ ಶಿಕಮಾರುವಿನ ಕಿವಿಯಲ್ಲಿ ಒಂದು ಮಾತು ಹೇಳುತ್ತಾರೆ. ಅದು ಒಂದು ಒಗಟಿನ ಉತ್ತರ. "ನಮ್ಮ ಊರಿನ ಆಟದಲ್ಲಿ ರಾಜ ಯಾರು?" ಅನ್ನೋದು ಒಗಟು. ಊರನ್ನು ಆಳುವ ಹೊಕಾಗೆ ಅಂತಲೇ ಅವನು ಅಂದುಕೊಂಡಿದ್ದ.

ಅಂತ್ಯಸಂಸ್ಕಾರಕ್ಕೆ ಶಿಕಮಾರು ಹೋಗೋದಿಲ್ಲ. ಮನೆಯಲ್ಲಿ ಅಪ್ಪ ಶಿಕಾಕು ಅವನನ್ನು ಶೋಗಿ ಆಡೋಕೆ ಕೂರಿಸುತ್ತಾರೆ. ಸಮಾಧಾನದ ಒಂದು ಮಾತೂ ಇಲ್ಲ. ಬೇಕಂತಲೇ ಕೆಣಕುತ್ತಾರೆ. ಕೊನೆಗೆ ಹಲಗೆಯನ್ನೇ ಕೆಡವುತ್ತಾರೆ, ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. ಒಳಗಿರೋದನ್ನೆಲ್ಲ ಹೊರಗೆ ಹಾಕು, ಅಲ್ಲಿಂದಲೇ ಎಲ್ಲ ಶುರುವಾಗೋದು ಅಂತ ಹೇಳಿ ಎದ್ದು ಹೊರಗೆ ಹೋಗುತ್ತಾರೆ. ಮಗ ಒಬ್ಬನೇ ಕೂತು ಬಿಕ್ಕಿ ಬಿಕ್ಕಿ ಅಳುತ್ತಾನೆ.

ಅಪ್ಪ ಎದ್ದು ಹೋದರಲ್ಲ, ಅದು ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ. ಗಂಡುಮಗ ಅಳಬಾರದು ಅನ್ನೋ ಮಾತು ನಮ್ಮ ಮನೆಗಳಲ್ಲೂ ಉಂಟು, ಅಲ್ವಾ? ಇಲ್ಲಿ ಅಪ್ಪನೇ ಅಳೋದಕ್ಕೆ ಜಾಗ ಮಾಡಿಕೊಟ್ಟರು. ಆಮೇಲೆ ಶಿಕಮಾರು ಅಸುಮರನ್ನು ಕೊಂದ ಹಿಡಾನ್ ಮೇಲೆ ಸೇಡು ತೀರಿಸಿಕೊಂಡೇ ತೀರಿಸಿಕೊಳ್ಳುತ್ತಾನೆ. ಸಾವೇ ಇಲ್ಲದ ಅವನನ್ನು ಗುಂಡಿಗೆ ಕೆಡವಿ ಹೂತುಬಿಡುತ್ತಾನೆ. ಆ ಹೋರಾಟ ಚೆನ್ನಾಗಿದೆ. ಆದರೂ ಹೆಚ್ಚು ಮನಸ್ಸಿಗೆ ನಾಟೋದು ಆ ಚೆಲ್ಲಿದ ಕಾಯಿಗಳು.

[ಪರದೆಯ ಮೇಲೆ: ಮಳೆಯ ಊರು, ನೀರಿನಲ್ಲಿ ಮುಳುಗುತ್ತಿರುವ ಜಿರಾಯ]

ಈಗ ಜಿರಾಯ. ಅವರು 133ನೇ ಸಂಚಿಕೆಯಲ್ಲಿ, ಆರು ದೇಹಗಳಲ್ಲಿ ಕಾಣಿಸಿಕೊಳ್ಳುವ ಶತ್ರು ಪೇನ್ ಕೈಯಲ್ಲಿ ಸಾಯುತ್ತಾರೆ. ಗಂಟಲು ಹೋಗಿರುತ್ತದೆ, ಮಾತಾಡೋಕಾಗೋದಿಲ್ಲ. ಕೊನೆಯ ಶಕ್ತಿಯಲ್ಲಿ ಮುದಿ ಕಪ್ಪೆ ಫುಕಸಾಕುವಿನ ಬೆನ್ನ ಮೇಲೆ ಬೆರಳಿಂದ ಗುಪ್ತ ಸಂದೇಶ ಬರೆಯುತ್ತಾರೆ. ನರುಟೊಗೆ ಸುದ್ದಿ ಮುಟ್ಟೋದು 152ರಲ್ಲಿ. ನಡುವೆ 18 ಸಂಚಿಕೆ. ಅಷ್ಟೂ ಹೊತ್ತು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ನಗುವಾಗೆಲ್ಲ ನಮಗೆ ಸಂಕಟ.

ಸುದ್ದಿ ಕೇಳಿದವನು ಮೊದಲು ಸಿಟ್ಟಾಗುತ್ತಾನೆ. ಒಬ್ಬರನ್ನೇ ಯಾಕೆ ಕಳಿಸಿದಿರಿ ಅಂತ ಹೊಕಾಗೆ ಸುನಾಡೆ ಮೇಲೆ ರೇಗಿ ಹೊರಟುಬಿಡುತ್ತಾನೆ. ಸುನಾಡೆ ಜಿರಾಯರ ಚಿಕ್ಕಂದಿನ ಜೊತೆಗಾತಿ. ಅವರ ನೋವೇನು ಕಡಿಮೆಯೇ? ಆದರೂ ಎದುರು ಮಾತಾಡದೆ ಸಹಿಸಿಕೊಳ್ಳುತ್ತಾರೆ. ಆ ರಾತ್ರಿಯೇ ಬೆಂಚು, ಕ್ಯಾಂಡಿ. ಹಳೆಯ ಮೇಷ್ಟ್ರು ಇರುಕ ಬಂದು ಪಕ್ಕದಲ್ಲಿ ಕೂರುತ್ತಾರೆ. ಜಿರಾಯ ನಿನ್ನನ್ನು ಮೊಮ್ಮಗನ ಹಾಗೆ ನೋಡುತ್ತಿದ್ದರು ಅಂತ ಹೇಳುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಶಿಕಮಾರು ಬರುತ್ತಾನೆ. ಅಪ್ಪ ತನಗೆ ಕೊಟ್ಟಿದ್ದನ್ನು ಈಗ ಗೆಳೆಯನಿಗೆ ಕೊಡುವ ಸರದಿ ಅವನದು. ನರುಟೊನನ್ನು ಕುರೆನಾಯ್ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಅವರ ಹೊಟ್ಟೆಯಲ್ಲಿರೋದು ಅಸುಮ ಅವರ ಮಗು. ಈ ಮಗುವಿಗೆ ಮುಂದೆ ನಾನೇ ಗುರು ಅನ್ನುತ್ತಾನೆ. ಎಷ್ಟು ದಿನ ಅಂತ ಗುರುಗಳಿಂದ ರಾಮೆನ್ ನೂಡಲ್ಸ್ ಕೊಡಿಸಿಕೊಂಡು ತಿನ್ನೋದು, ಇನ್ನು ಕೊಡಿಸುವವರು ನಾವೇ ಆಗಬೇಕು ಅನ್ನುತ್ತಾನೆ.

ಆಮೇಲೆ ಇಬ್ಬರೂ ಆ ಸಂದೇಶ ಬಿಡಿಸೋಕೆ ಹೊರಡುತ್ತಾರೆ. ಅದರಲ್ಲಿ ಇದ್ದದ್ದು ಬರೀ ಅಂಕಿಗಳು. ಆದರೆ ಮೊದಲನೆಯದು ಒಂಬತ್ತು ಅಲ್ಲ, ಜಪಾನಿ ಅಕ್ಷರ 'ತ' ಅಂತ ನರುಟೊ ಗುರುತಿಸುತ್ತಾನೆ. ಜಿರಾಯರ ಕೈಬರಹ ಹೇಗಿರುತ್ತದೆ ಅಂತ ಅವನಿಗೆ ಗೊತ್ತು. ಉಳಿದವು ಜಿರಾಯರೇ ಬರೆದ ಪುಸ್ತಕದ ಪುಟಗಳ ಸಂಖ್ಯೆ. "ನಿಜವಾದವನು ಅವರಲ್ಲಿ ಇಲ್ಲ" ಅನ್ನೋದು ಸಂದೇಶ. ಗುರುವಿನ ಅಕ್ಷರ ಶಿಷ್ಯನಿಗೆ ಪರಿಚಯ ಇತ್ತು ಅನ್ನೋ ಸಣ್ಣ ಕಾರಣಕ್ಕೆ ಒಗಟು ಬಿಡಿಸೋಕಾಯಿತು.

ಪೇನ್ ಹಿಂದಿದ್ದ ನಿಜವಾದವನು ನಗಾಟೊ. ಅವನೂ ಜಿರಾಯರ ಶಿಷ್ಯನೇ. ಅಪ್ಪ ಅಮ್ಮನನ್ನು ಯುದ್ಧ ನುಂಗಿತು, ಜೀವದ ಗೆಳೆಯ ಯಾಹಿಕೊನೂ ಹೋದ. ಜೊತೆಗೆ ಕೊನಾನ್ ಇದ್ದಳು, ಅವಳೂ ಅದೇ ನೋವಿನಲ್ಲಿ ಮುಳುಗಿದವಳು. ಹಲಗೆ ಕೆಡವಿ ಅಳಿಸುವ ಅಪ್ಪ ಅವನಿಗಿರಲಿಲ್ಲ. ಚಿಕ್ಕಂದಿನಲ್ಲೇ ಮನೆಯವರನ್ನು ಕಳೆದುಕೊಂಡ ನರುಟೊನ ಗೆಳೆಯ ಸಾಸುಕೆಯ ಕಥೆಯೂ ಹೀಗೇ. ಅವರು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಶಿಕಮಾರುವಿಗೂ ಅವರಿಗೂ ಇರುವ ಅಂತರ ಬುದ್ಧಿಯದ್ದೂ ಅಲ್ಲ, ಒಳ್ಳೆಯತನದ್ದೂ ಅಲ್ಲ.

ನರುಟೊ ನಗಾಟೊ ಎದುರು ನಿಂತಾಗ ಕ್ಷಮಿಸಿದೆ ಅನ್ನೋದಿಲ್ಲ. ಈಗಲೂ ಕೊಲ್ಲಬೇಕು ಅನ್ನಿಸುತ್ತಿದೆ ಅಂತ ನೇರವಾಗಿ ಹೇಳುತ್ತಾನೆ. ಹಾಗಿದ್ದೂ ಗುರು ನಂಬಿದ್ದನ್ನು ನಾನೂ ನಂಬುತ್ತೇನೆ ಅನ್ನುತ್ತಾನೆ. ಅವನ ಕೈಯಲ್ಲಿ ಜಿರಾಯರ ಮೊದಲ ಪುಸ್ತಕ ಇರುತ್ತದೆ. ಅದು ಹೆಚ್ಚು ಮಾರಾಟವಾಗಲಿಲ್ಲ. ಅದರ ನಾಯಕನ ಹೆಸರು ನರುಟೊ. ಅಪ್ಪ ಮಿನಾಟೊ ಮಗನಿಗೆ ಆ ಹೆಸರನ್ನೇ ಇಟ್ಟಿದ್ದರು.

[ಪರದೆಯ ಮೇಲೆ: ಶೋಗಿ ಹಲಗೆ]

ಒಗಟಿನ ಉತ್ತರ ಬಾಕಿ ಇದೆ. ರಾಜ ಅಂದರೆ ಹೊಕಾಗೆ ಅಲ್ಲ. ಇನ್ನೂ ಹುಟ್ಟಬೇಕಾದ ಮಕ್ಕಳು. ಅಸುಮ ಕಾಣದೇ ಹೋದ ಆ ಮಗು ಹೆಣ್ಣು. ಅವಳ ಹೆಸರು ಮಿರಾಯ್, ಜಪಾನಿ ಭಾಷೆಯಲ್ಲಿ ಭವಿಷ್ಯ ಅಂತ ಅರ್ಥ. ಈ ಕಥೆಯ ಮುಂದುವರಿಕೆಯಾದ 'ಬೊರುಟೊ' ಸರಣಿ ಬರುವ ಹೊತ್ತಿಗೆ ಅವಳು ಬೆಳೆದು ನಿಂಜಾ ಆಗಿದ್ದಾಳೆ. ಅವಳ ಗುರು ಶಿಕಮಾರು.