ದುಡ್ಡು ಕೊಡುವ ಮುಂಚೆ ಹದಿನೈದು ಅಂಕಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು ನಾನು. ಚೈನಾ ಸೆಟ್ ಕಾಲದಿಂದಲೂ ಇದೇ ಕೆಲಸ. ಮೈಸೂರು ಆಕಾಶವಾಣಿಯವರು ಫೋನ್ ಮಾಡಿ, ‘ಅಗ್ಗದ ಫೋನ್ ತಗೊಂಡು ಜನ ಮೋಸ ಹೋಗ್ತಿದ್ದಾರೆ, ನಾಲ್ಕು ಮಾತು ಹೇಳಿ ಬನ್ನಿ’ ಅಂದರು. ನನ್ನ ಹತ್ತಿರ ಇರುವುದು ಒಂದೇ ಮಾತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಅರ್ಧದಲ್ಲೇ ಎದ್ದು ಹಾಲು ಕರೆಯಲು ಹೋಗುವವರಿಗೂ ಅನುಕೂಲ.

ದುಡ್ಡು ಕೊಡುವ ಮುಂಚೆ ಆ ಫೋನಿನಲ್ಲಿ ಹೀಗೆ ಒತ್ತಿ: ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್. ಕಾಲ್ ಬಟನ್ ಒತ್ತುವುದೂ ಬೇಡ. 15 ಅಂಕಿಯ ಒಂದು ನಂಬರ್ ಪರದೆ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್. ಅದನ್ನು ಐಎಂಇಐ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಒತ್ತುವುದನ್ನು ಮರೆಯಬೇಡಿ.

ಆಮೇಲೆ ಆ ನಂಬರನ್ನು ನಿಮ್ಮ ಹಳೇ ಫೋನಿನಿಂದ ಮೆಸೇಜ್ ಮಾಡಿ. ಇಂಗ್ಲಿಷಿನ ಕೆ, ವೈ, ಎಂ ಮೂರು ಅಕ್ಷರ, ಒಂದು ಜಾಗ ಬಿಟ್ಟು ಆ 15 ಅಂಕಿ. ಕಳಿಸಬೇಕಾದ ನಂಬರ್ 14422. ಮಕ್ಕಳ ಕೈಲಿ ಬರೆಸಿಕೊಳ್ಳಿ: ಒಂದು, ನಾಲ್ಕು, ನಾಲ್ಕು, ಎರಡು, ಎರಡು. ಅದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ನಂಬರ್. ಇಂಥ ಕಂಪನಿ, ಇಂಥ ಮಾಡೆಲ್ ಅಂತ ಉತ್ತರ ಬರುತ್ತದೆ. ಕೈಯಲ್ಲಿರುವ ಫೋನು ಅದೇನಾ ನೋಡಿ. ಬ್ಲಾಕ್‌ಲಿಸ್ಟ್ ಆಗಿದೆ, ಡುಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ, ಈ ಮೂರರಲ್ಲಿ ಯಾವುದು ಬಂದರೂ ಫೋನನ್ನು ಅಲ್ಲೇ ಇಟ್ಟು ಎದ್ದು ಬನ್ನಿ. ವಾದ ಮಾಡುತ್ತಾ ಕೂರಬೇಡಿ.

ಇಷ್ಟು ಹೇಳಿದ ಕೂಡಲೇ ನಮ್ಮ ಕಡೆ ಜನ ಏನು ಹೇಳುತ್ತಾರೆ ಗೊತ್ತಾ? ‘ಎದುರಿಗೇ ಚೆಕ್ ಮಾಡಿದ್ರೆ ಅವ್ನು ಬೇಜಾರು ಮಾಡ್ಕೋತಾನೆ ಅಣ್ಣ.’ ಮಾಡಿಕೊಳ್ಳಲಿ ಬಿಡಿ! ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡದೆ ಎತ್ತು ಹೊಡೆದುಕೊಂಡು ಬರುತ್ತೀರಾ? ಅಲ್ಲಿ ಇಲ್ಲದ ನಾಚಿಕೆ ಇಲ್ಲಿ ಯಾಕೆ?

ಈ ನಂಬರಿಗೆ ಇಷ್ಟು ಬೆಲೆ ಯಾಕೆ ಅಂದರೆ, ಅದರ ಮೊದಲ 8 ಅಂಕಿಯೇ ಫೋನಿನ ಮಾಡೆಲ್ಲು. ಆಮೇಲಿನ ಅಂಕಿಗಳು ಆ ಒಂದು ಫೋನಿಗೇ ಸೇರಿದ್ದು. ಹೊರಗಿನ ಕವಚ ಹೇಗೇ ಇರಲಿ, ಒಳಗಿನ ನಂಬರ್ ತನ್ನ ಊರು ಹೇಳಿಬಿಡುತ್ತದೆ. ಹಳಬರಿಗೆ ನೆನಪಿರಬಹುದು. ಮೊದಲು ಚೈನಾ ಸೆಟ್‌ಗಳು ಬರುತ್ತಿದ್ದವಲ್ಲ, ಹಬ್ಬದ ಮೈಕಿನ ಹಾಗೆ ಕಿರುಚುತ್ತಿದ್ದವು, ಅವುಗಳಲ್ಲಿ ಎಷ್ಟೋ ಸೆಟ್‌ಗಳಿಗೆ ಈ ನಂಬರೇ ಇರಲಿಲ್ಲ. 2009ರ ಕೊನೆಯಲ್ಲಿ ಸರ್ಕಾರ ಅಂಥವಕ್ಕೆಲ್ಲ ನೆಟ್‌ವರ್ಕ್ ನಿಲ್ಲಿಸಿತು. ಅವತ್ತಿನಿಂದ ನಕಲಿ ಮಾಡುವವರೂ ಬುದ್ಧಿವಂತರಾದರು. ಎಲ್ಲಿಂದಲೋ ಒಂದು ನಂಬರ್ ತಂದು ಹಾಕುತ್ತಾರೆ. ಅಲ್ಲೇ ಸಿಕ್ಕಿ ಬೀಳುವುದು.

ಹೇಗೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳಲೇಬೇಕು.

ಮಳವಳ್ಳಿ ಕಡೆಯ ಒಬ್ಬರು ಯಜಮಾನರು, ರೇಷ್ಮೆ ಬೆಳೆಗಾರರು. ಆ ಸಲ ಗೂಡು ಚೆನ್ನಾಗಿ ಬಂದಿತ್ತು. ರಾಮನಗರದ ಮಾರ್ಕೆಟ್‌ನಲ್ಲಿ ಒಳ್ಳೇ ರೇಟೂ ಸಿಕ್ಕಿತ್ತು. ಪಿಯುಸಿ ಓದುವ ಮಗ ಫೋನು ಫೋನು ಅಂತ ಗೋಗರೆಯುತ್ತಿದ್ದ. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಹುಡುಗ ಇವರನ್ನು ಹಿಡಿದುಕೊಂಡ. ನೀಟಾಗಿ ಇನ್‌ಶರ್ಟ್ ಮಾಡಿದ್ದನಂತೆ. ‘ಕಸ್ಟಮ್ಸ್‌ನಲ್ಲಿ ಸೀಜ್ ಆದ ಮಾಲು ಅಣ್ಣ. ಬಿಲ್ ಇಲ್ಲ, ಅದಕ್ಕೇ ಕಮ್ಮಿ’ ಅಂದ. ಡಬ್ಬಕ್ಕೆ ಪ್ಲಾಸ್ಟಿಕ್ ಸುತ್ತಿತ್ತು, ಸೀಲ್ ಒಡೆದಿರಲಿಲ್ಲ. ಕಂಪನಿ ಅಂಗಡಿಯಲ್ಲಿ 70 ಸಾವಿರದ ಮೇಲಿರುವ ಮಾಡೆಲ್ಲು. ಹುಡುಗ 18 ಸಾವಿರ ಹೇಳಿದ. ನಮ್ಮ ಯಜಮಾನರು ಚೌಕಾಸಿ ಮಾಡಿ ಮಾಡಿ 9 ಸಾವಿರಕ್ಕೆ ಇಳಿಸಿದರು.

ಅದನ್ನು ನನ್ನ ಹತ್ತಿರ ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು. ‘ಅರ್ಧಕ್ಕರ್ಧ ಬಿಡಿಸ್ದೆ ಕಣಪ್ಪ’ ಅಂದರು. ಅಷ್ಟು ಸುಲಭವಾಗಿ ಅರ್ಧಕ್ಕೆ ಇಳಿದನಲ್ಲ ಅಂತ ಅವರಿಗೆ ಅನುಮಾನ ಬಂದೇ ಇರಲಿಲ್ಲ. ಅವರು ಬಂದಿದ್ದು ಮೋಸ ಆಗಿದೆ ಅಂತಲ್ಲ, ಫೋನಿಗೆ ಗ್ಲಾಸ್ ಹಾಕಿಸಲು! ಮಗನೂ ಜೊತೆಗಿದ್ದ. ಗ್ಲಾಸ್ ಅಂಟಿಸುವಾಗ ಆ ಮಗ ಮೆಲ್ಲಗೆ, ‘ಅಣ್ಣ, ಮದುವೆ ವಿಡಿಯೋ ತೆಗೆದ್ರೆ ಅರ್ಧ ಓಪನ್ನೇ ಆಗಲ್ಲ’ ಅಂದ. ‘ಬಿಸಿ ಬೇರೆ ಆಗುತ್ತೆ’ ಅಂದ. ಸೆಟ್ಟಿಂಗ್ಸ್ ತೆಗೆದು ನೋಡಿದೆ. 512 ಜಿಬಿ ಅಂತ ಬರೆದಿತ್ತು. ಬರೆಯೋದಕ್ಕೇನು, ಏನು ಬೇಕಾದರೂ ಬರೆಯಬಹುದು. ಒಳಗಿರುವ ಚಿಪ್ ಚಿಕ್ಕದಾಗಿದ್ದರೆ ಅದು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳಾಗುತ್ತದೆ, ಅಷ್ಟೇ.

ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದೆ. ನಂಬರ್ ಬಂತು. ಡಬ್ಬದ ಮೇಲಿನ ನಂಬರೇ ಬೇರೆ, ಇದೇ ಬೇರೆ. ನನ್ನ ಫೋನಿನಿಂದ 14422ಕ್ಕೆ ಮೆಸೇಜ್ ಕಳಿಸಿದೆ. ಉತ್ತರ ಬಂದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬೇರೆ ಯಾವುದೋ ಕಂಪನಿಯ ಹೆಸರು, ಅದೂ ಬಟನ್ ಫೋನಿನ ಮಾಡೆಲ್ಲು.

‘ಅಂಗಂದ್ರೆ ಏನಪ್ಪ?’ ಅಂದರು.

‘ಯಜಮಾನ್ರೇ, ಸರ್ಕಾರದ ಲೆಕ್ಕದಲ್ಲಿ ನಿಮ್ಮ ಕೈಲಿರೋದು ಬಟನ್ ಫೋನು’ ಅಂದೆ.

‘ಬಟನ್ ಎಲ್ಲೈತೆ ಇದ್ರಲ್ಲಿ?’ ಅಂತ ತಿರುಗಿಸಿ ತಿರುಗಿಸಿ ನೋಡಿದರು. ಹಿಂದಿನ ಕವಚ ಬಿಚ್ಚಿ ತೋರಿಸಿದೆ. ಹಿಂದೆ ನಾಲ್ಕು ಕ್ಯಾಮೆರಾ ಕಾಣುತ್ತಿದ್ದವು. ಅದರಲ್ಲಿ ನಿಜವಾದ ಕ್ಯಾಮೆರಾ ಒಂದು. ಮಿಕ್ಕ ಮೂರು ಸುಮ್ನೆ ಗಾಜು, ಒಳಗೆ ವೈರೂ ಇಲ್ಲ. ನಮ್ಮ ಲೈನಿನಲ್ಲಿ ಇದಕ್ಕೆ ಫಸ್ಟ್ ಕಾಪಿ ಅಂತಾರೆ. ಮಗನಿಗೆ ಅಳು ಬಂತು. ಯಜಮಾನರು ಒಂದು ನಿಮಿಷ ಸುಮ್ಮನಿದ್ದು, ನನ್ನ ಕಡೆ ಬಗ್ಗಿ ಏನು ಕೇಳಿದರು ಗೊತ್ತಾ? ‘ನೀನು ಮುಚ್ಚಿಕೊಡು. ನಾನೂ ಯಾರ್ಗಾದ್ರೂ ಒಂಬತ್ ಸಾವ್ರಕ್ಕೇ ದಾಟ್ಸ್‌ಬಿಡ್ತೀನಿ.’ ಮಗನ ಎದುರಿಗೇ! ಅವರ ವಯಸ್ಸಿಗೆ ಮರ್ಯಾದೆ ಕೊಟ್ಟೇ, ಸ್ವಲ್ಪ ಜೋರಾಗಿಯೇ ಬೈದೆ.

ಬೈದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಫೋನಿನಲ್ಲಿ ಅವರು ಯುಪಿಐ ಹಾಕಿಸಿಕೊಂಡಿದ್ದರು. ಗೂಡಿನ ದುಡ್ಡು ಈಗ ಖಾತೆಗೇ ಬರುತ್ತದಲ್ಲ, ಅಷ್ಟೂ ಅದೇ ಖಾತೆಯಲ್ಲಿತ್ತು. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಇಂಥ ಫೋನುಗಳಲ್ಲಿ ಕಳ್ಳ ಸಾಫ್ಟ್‌ವೇರ್ ಮಾರುವ ಮುಂಚೆಯೇ ಕೂತಿರಬಹುದು. ನೀವು ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಟ್ರಿಯಾಡಾ ಅಂತ ಒಂದಿದೆ. 2016ರಲ್ಲಿ ವೈರಸ್ ಹಿಡಿಯುವ ಕ್ಯಾಸ್ಪರ್‌ಸ್ಕಿ ಕಂಪನಿಯವರು ಪತ್ತೆ ಮಾಡಿದ್ದು. ಕೆಲವು ಅಗ್ಗದ ಫೋನುಗಳಿಗೆ ಅದು ತಯಾರಾಗುವ ಹಂತದಲ್ಲೇ ಸೇರಿಕೊಂಡಿತ್ತು ಅಂತ 2019ರಲ್ಲಿ ಗೂಗಲ್‌ನವರೇ ಒಪ್ಪಿಕೊಂಡರು. ಇಂಥವು ನಿಮ್ಮ ಮೆಸೇಜ್ ಓದುತ್ತವೆ. ಮೆಸೇಜ್‌ನಲ್ಲಿ ಓಟಿಪಿ ಇರುತ್ತದೆ. ಇನ್ನೇನು ಬೇಕು ಹೇಳಿ? ರೀಸೆಟ್ ಹೊಡೆದರೂ ಹೋಗುವುದಿಲ್ಲ, ಯಾಕೆಂದರೆ ರೀಸೆಟ್ ಆಗದ ಜಾಗದಲ್ಲೇ ಅದು ಕೂತಿರುತ್ತದೆ. ಯಜಮಾನರ ಸಿಮ್ ತೆಗೆಸಿ ಹಳೇ ಫೋನಿಗೆ ಹಾಕಿಸಿದೆ. ಮಗನನ್ನು ಜೊತೆ ಮಾಡಿ ಅವತ್ತೇ ಬ್ಯಾಂಕಿಗೆ ಕಳಿಸಿ ಪಿನ್ ಬದಲಾಯಿಸಿಸಿದೆ. ಪುಣ್ಯಕ್ಕೆ ದುಡ್ಡು ಹೋಗಿರಲಿಲ್ಲ. ಆ 9 ಸಾವಿರ ಹೋಯಿತು. ಬಸ್ ಸ್ಟ್ಯಾಂಡಿನ ಹುಡುಗ ಎಲ್ಲಿ ಸಿಗಬೇಕು?

ಆ ಮೆಸೇಜನ್ನು ಬಸ್ ಸ್ಟ್ಯಾಂಡಿನಲ್ಲೇ ಕಳಿಸಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಹೇಳಿ. ಒಂದು ಟೀ ಕುಡಿಯುವಷ್ಟೂ ಬೇಡ.

ಸ್ಟುಡಿಯೋ ಗಾಜಿನ ಆ ಕಡೆಯಿಂದ ಕೈ ಸನ್ನೆ ಬರುತ್ತಿದೆ, ಸಮಯ ಕಮ್ಮಿ ಇದೆಯಂತೆ. ಮಿಕ್ಕಿದ್ದನ್ನು ಬೇಗ ಬೇಗ ಹೇಳುತ್ತೇನೆ.

ನಕಲಿ ಒಂದು ಥರ. ಕದ್ದ ಮಾಲು ಇನ್ನೊಂದು ಥರ. ಅದು ಅಸಲಿ ಫೋನೇ, ಚೆನ್ನಾಗೇ ಇರುತ್ತದೆ. ಆದರೆ ಕಳಕೊಂಡವರು ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಿಸಿರುತ್ತಾರೆ. 2023ರ ಮೇನಲ್ಲಿ ಶುರುವಾದ, ಅದೇ ದೂರಸಂಪರ್ಕ ಇಲಾಖೆಯ ವೆಬ್‌ಸೈಟ್ ಅದು. ಅಂಥ ಫೋನಿಗೆ ನೀವು ಸಿಮ್ ಹಾಕಿದರೆ ನೆಟ್‌ವರ್ಕೂ ಸಿಗುವುದಿಲ್ಲ, ಸಿಮ್ ಹಾಕಿದವರು ಯಾರು ಅನ್ನುವ ಮಾಹಿತಿಯೂ ಪೊಲೀಸರಿಗೆ ಹೋಗುತ್ತದೆ. ಆಮೇಲೆ ಸ್ಟೇಷನ್‌ಗೆ ಹೋಗಿ ಕೂರಬೇಕಾದವರು ನೀವು. ಕದ್ದದ್ದು ಅಂತ ಗೊತ್ತಿದ್ದೂ ತಗೊಂಡರೆ, ಅಥವಾ ಕದ್ದದ್ದು ಅನ್ನುವುದಕ್ಕೆ ಕಾರಣ ಕಾಣುತ್ತಿದ್ದೂ ತಗೊಂಡರೆ, 3 ವರ್ಷದವರೆಗೆ ಜೈಲು. 70 ಸಾವಿರದ ಫೋನನ್ನು ಬಿಲ್ ಇಲ್ಲದೆ 9 ಸಾವಿರಕ್ಕೆ ಕೊಡುತ್ತಾನೆ ಅಂದರೆ ಅದಕ್ಕಿಂತ ಕಾರಣ ಬೇಕಾ? ಐಎಂಇಐ ತಿದ್ದುವವರಿಗೂ 2023ರ ದೂರಸಂಪರ್ಕ ಕಾಯಿದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ‘ಬ್ಲಾಕ್ ಆದ್ರೆ ನಂಬರ್ ಚೇಂಜ್ ಮಾಡಿಕೊಡ್ತೀನಿ’ ಅನ್ನುವ ಅಂಗಡಿ ಕಂಡರೆ ಅಲ್ಲಿ ಟೆಂಪರ್ಡ್ ಗ್ಲಾಸೂ ಹಾಕಿಸಬೇಡಿ.

ಮೂರನೆಯದು ಲೋನ್ ಫೋನು. ಯಾರೋ ಕಂತಿನಲ್ಲಿ ತಗೊಂಡು, ಕಂತು ಕಟ್ಟದೆ ಮಾರಿರುತ್ತಾರೆ. ಇವತ್ತು ಚೆನ್ನಾಗಿರುತ್ತದೆ, ಮುಂದಿನ ತಿಂಗಳು ಫೈನಾನ್ಸ್‌ನವರು ಎಲ್ಲಿಂದಲೋ ಲಾಕ್ ಮಾಡಿಬಿಡಬಹುದು. ಇದಕ್ಕೆ ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ, ಪೂರ್ತಿ ಆನ್ ಮಾಡಿಸಿ. ಹಳೇ ಮಾಲೀಕರ ಗೂಗಲ್ ಅಥವಾ ಆ್ಯಪಲ್ ಪಾಸ್‌ವರ್ಡ್ ಕೇಳಿದರೆ ಬೇಡ. ಈ ಫೋನು ಯಾವುದೋ ಸಂಸ್ಥೆಗೆ ಸೇರಿದ್ದು ಅಂತ ತೋರಿಸಿದರೂ ಬೇಡ.

ಡಿಸ್‌ಪ್ಲೇ, ಬ್ಯಾಟರಿ ಬಗ್ಗೆ ಹೇಳುವುದು ತುಂಬಾ ಇತ್ತು. ಹಿಂದಿನ ಕವಚ ಎದ್ದು ನಿಂತಿದ್ದರೆ ಬ್ಯಾಟರಿ ಊದಿದೆ ಅಂತ ತಿಳಿಯಿರಿ, ಅದನ್ನು ಮುಟ್ಟಬೇಡಿ. ಅಷ್ಟು ಸಾಕು.

ಹಾಗಂತ ಸೆಕೆಂಡ್ ಹ್ಯಾಂಡ್ ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ಮೈಸೂರಿನ ಶಿವರಾಂಪೇಟೆಯಲ್ಲೂ ನಮ್ಮ ಮಂಡ್ಯದಲ್ಲೂ ನ್ಯಾಯವಾಗಿ ವ್ಯಾಪಾರ ಮಾಡುವವರೇ ಜಾಸ್ತಿ. ಬಿಲ್ ಕೇಳಿ. ಆ 15 ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿ ಸೀಲ್ ಹಾಕಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಆದರೆ ನಮ್ಮ ಕರ್ನಾಟಕದ ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ. ಬರೆದು ಕೊಡುವುದಿಲ್ಲ ಅಂದವನ ಹತ್ತಿರ ವ್ಯಾಪಾರವೇ ಬೇಡ. ನನ್ನನ್ನು ಕೇಳಿದರೆ, ದೊಡ್ಡ ಹೆಸರಿನ ಫೋನನ್ನು 9 ಸಾವಿರಕ್ಕೆ ಹುಡುಕುವ ಬದಲು ಅದೇ 9 ಸಾವಿರಕ್ಕೆ ಬಿಲ್ಲಿರುವ ಸಾದಾ ಹೊಸ ಫೋನು ಕೊಡಿಸಿ. ಮಗ ಎರಡು ದಿನ ಮುಖ ಊದಿಸಿಕೊಳ್ಳುತ್ತಾನೆ, ಆಮೇಲೆ ಸರಿ ಹೋಗುತ್ತಾನೆ.

ಈಗಾಗಲೇ ತಗೊಂಡು ಅನುಮಾನ ಬಂದಿರುವವರು ಆ ಫೋನಿನಿಂದ ಬ್ಯಾಂಕಿನ ಕೆಲಸ ಮೊದಲು ನಿಲ್ಲಿಸಿ, ಬೇರೆ ಫೋನಿನಿಂದ ಪಿನ್ ಬದಲಾಯಿಸಿ. ದುಡ್ಡು ಹೋಗಿದ್ದರೆ ನಾಳೆ ನಾಡಿದ್ದು ಅನ್ನದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು. ನಿಮ್ಮ ಕೈಲಿ ಈಗಿರುವ ಫೋನಿನಲ್ಲೂ ಅದನ್ನೇ ಒತ್ತಿ: ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್. ಬಂದ ಅಂಕಿಯನ್ನು ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಫೋನಿನಲ್ಲೇ ಸೇವ್ ಮಾಡಬೇಡಿ, ಅದು ಕಳೆದ ದಿನ ನಂಬರೂ ಅದರ ಜೊತೆಗೇ ಹೋಗಿರುತ್ತದೆ. ಸ್ಟೇಷನ್‌ನಲ್ಲಿ ದೂರು ಕೊಡುವಾಗ ಆ ಅಂಕಿಯನ್ನು ಕೇಳೇ ಕೇಳುತ್ತಾರೆ. ನಮಸ್ಕಾರ.