ಪೋಸ್ಟ್‌ಮಾಸ್ಟರ್ ಅಂದುಕೊಂಡದ್ದು, ರತನ್ ಮಾಡಿದ್ದು

ಎಲ್ಲರಿಗೂ ನಮಸ್ಕಾರ.

ಕತೆ ಓದಿ ಮುಗಿಸಿದ ಕೂಡಲೇ ‘ಇದರ ನೀತಿ ಏನು?’ ಅಂತ ಕೇಳುವುದು ನಮಗೆ ಶಾಲೆಯಿಂದ ಬಂದ ರೂಢಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇರುತ್ತಿತ್ತು. ಆಗ ನಾವೇನು ಮಾಡುತ್ತಿದ್ದೆವು? ಕತೆಯ ಕೊನೆಯಲ್ಲಿ ದೊಡ್ಡ ಮಾತು ಎಲ್ಲಿದೆ ಅಂತ ಹುಡುಕಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಅದನ್ನೇ ಬರೆದು ಬರುತ್ತಿದ್ದೆವು. ಇವತ್ತು ಆ ಗೆರೆಯ ಬಗ್ಗೆಯೇ ಸ್ವಲ್ಪ ತಕರಾರು ತೆಗೆಯೋಣ ಅಂತಿದ್ದೇನೆ.

ಕತೆ ಟಾಗೋರರ ‘ಪೋಸ್ಟ್‌ಮಾಸ್ಟರ್’, 1891ರದು. ಕಲ್ಕತ್ತಾದ ಹುಡುಗನೊಬ್ಬ ಉಲಾಪುರ ಎಂಬ ಹಳ್ಳಿಗೆ ಪೋಸ್ಟ್‌ಮಾಸ್ಟರ್ ಆಗಿ ಬರುತ್ತಾನೆ. ಮಾತಿಗೆ ಜನ ಇಲ್ಲ, ಬೇಜಾರು. ಮನೆಗೆಲಸಕ್ಕೆ ರತನ್ ಎಂಬ ತಬ್ಬಲಿ ಹುಡುಗಿ ಬರುತ್ತಾಳೆ. ಹೊತ್ತು ಹೋಗಲಿ ಅಂತ ಅವಳಿಗೆ ಅಕ್ಷರ ಕಲಿಸುತ್ತಾನೆ. ಜ್ವರ ಬಂದು ಮಲಗಿದಾಗ ಅವಳೇ ನೋಡಿಕೊಳ್ಳುತ್ತಾಳೆ. ಗುಣವಾದ ಮೇಲೆ ವರ್ಗಾವಣೆಗೆ ಅರ್ಜಿ ಹಾಕುತ್ತಾನೆ, ಸಿಗುವುದಿಲ್ಲ, ರಾಜೀನಾಮೆ ಕೊಡುತ್ತಾನೆ. ‘ನನ್ನನ್ನೂ ನಿಮ್ಮ ಮನೆಗೆ ಕರಕೊಂಡು ಹೋಗ್ತೀರಾ?’ ಅಂತ ರತನ್ ಕೇಳುತ್ತಾಳೆ. ಅವನು ನಕ್ಕು, ಅದು ಹೇಗೆ ಸಾಧ್ಯ ಅಂದುಬಿಡುತ್ತಾನೆ. ಕೇಡಿಗನಲ್ಲ ಅವನು. ಸುಮ್ನೆ ನಕ್ಕ, ಅಷ್ಟೇ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸ್ನಾನಕ್ಕೆ ನೀರು ತಯಾರಿದೆ. ಹೊಳೆಗೆ ಇಳಿದು ಸ್ನಾನ ಮಾಡಿ ಗೊತ್ತಿಲ್ಲದ ಪಟ್ಟಣದ ಹುಡುಗ, ಅವನಿಗೆ ದಿನವೂ ತುಂಬಿಟ್ಟ ನೀರೇ ಬೇಕು. ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ಕೇಳಲು ರತನ್‌ಗೆ ಬಾಯಿ ಬಂದಿಲ್ಲ. ಬೆಳಗಾಗುವ ಮುಂಚೆಯೇ ಬೇಕಾದರೆ ಅಂತ ರಾತ್ರಿಯೇ ಹೊಳೆಯಿಂದ ಹೊತ್ತು ತಂದಿಟ್ಟಿದ್ದಾಳೆ. ಟಾಗೋರರು ಇದನ್ನು ಎರಡೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನಾವೂ ಓದುತ್ತಾ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಅಲ್ಲಿಗೆ ಯಾರೂ ಗೆರೆ ಎಳೆಯುವುದಿಲ್ಲ.

ಗೆರೆ ಬೀಳುವುದು ಇಲ್ಲಿ. ದೋಣಿ ಹೊರಟಿದೆ. ವಾಪಸ್ ಹೋಗಿ ಅವಳನ್ನು ಕರಕೊಂಡು ಬರಲಾ ಅಂತ ಅವನಿಗೆ ಒಮ್ಮೆ ಅನಿಸುತ್ತದೆ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿದೆ, ಊರು ದಾಟಿದೆ, ದಡದಲ್ಲಿ ಸ್ಮಶಾನ ಕಾಣುತ್ತಿದೆ. ಆಗ ಅವನಿಗೆ ತತ್ವ ಹೊಳೆಯುತ್ತದೆ: ಬದುಕಿನಲ್ಲಿ ಇಂಥ ಅಗಲಿಕೆ ಎಷ್ಟೋ, ಸಾವು ಎಷ್ಟೋ, ಮರಳಿ ಹೋಗಿ ಏನು ಫಲ, ಈ ಲೋಕದಲ್ಲಿ ಯಾರಿಗೆ ಯಾರು. ಇದೇ ಕತೆಯ ಸಾರ ಅಂತ ಬರೆದವರು ಬಹಳ ಜನ. ನನಗೆ ಇದು ಶುದ್ಧ ಸ್ಮಶಾನ ವೈರಾಗ್ಯ. ಗಾಳಿ ಅನುಕೂಲವಾಗಿ ಬೀಸಿದ ಮೇಲೆ ಹುಟ್ಟಿದ ವೇದಾಂತ. ಮುಂದಿನ ಸಾಲು ನೋಡಿ: ರತನ್ ಮನಸ್ಸಿನಲ್ಲಿ ಯಾವ ತತ್ವವೂ ಹುಟ್ಟಲಿಲ್ಲ. ಅವಳು ಅಳುತ್ತಾ ಪೋಸ್ಟಾಫೀಸಿನ ಸುತ್ತ ತಿರುಗುತ್ತಿದ್ದಳು.

ನೀತಿಯಂತೆ ಕಾಣುವ ಮಾತು ಸಿಕ್ಕಿದರೆ ಮೊದಲು ಕೇಳಬೇಕಾದದ್ದು ಇಷ್ಟೇ. ಇದನ್ನು ಯಾರು, ಯಾವ ಹೊತ್ತಿನಲ್ಲಿ, ಏನನ್ನು ತಪ್ಪಿಸಿಕೊಳ್ಳಲು ಹೇಳಿಕೊಳ್ಳುತ್ತಿದ್ದಾರೆ?

ಕಾರವಾರದವರಿಗೆ ಇಲ್ಲೊಂದು ಬೇರೆಯೇ ಸ್ವಾರಸ್ಯ ಇದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಟಾಗೋರರು ಇಲ್ಲಿದ್ದರು. ಕಡಲತೀರಕ್ಕೆ ಅವರ ಹೆಸರಿಟ್ಟದ್ದು ಎಲ್ಲರಿಗೂ ಗೊತ್ತು. ಇಲ್ಲಿ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’ ಓದಿದವರು ಕಡಿಮೆ. ಅದರಲ್ಲೂ ಒಬ್ಬ ತಬ್ಬಲಿ ಹುಡುಗಿ. ಮಾಯೆ ಬೇಡ ಅಂತ ಅವಳನ್ನು ಬಿಟ್ಟು ಓಡುವ ಸನ್ಯಾಸಿ. ಆದರೆ ಅವನು ದಂಡ ಕಮಂಡಲ ಎಸೆದು ಮರಳಿ ಬರುತ್ತಾನೆ. ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಎಂಟು ವರ್ಷದ ನಂತರದ ಪೋಸ್ಟ್‌ಮಾಸ್ಟರ್ ಸನ್ಯಾಸಿಯೂ ಅಲ್ಲ, ಮರಳುವುದೂ ಇಲ್ಲ. ನನಗೆ ಈ ಎರಡನೆಯದೇ ಹೆಚ್ಚು ನಿಜ ಅನಿಸುತ್ತದೆ. ಊರು ಬಿಟ್ಟು ಮುಂಬೈ ಸೇರಿದವರ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕೂತು ಬಿಟ್ಟುಬಂದ ಊರನ್ನೇ ಮತ್ತೆ ಮತ್ತೆ ಬರೆದರು.

ಟಾಗೋರರ ಮೇಲೂ ನನ್ನದೊಂದು ದೂರಿದೆ. ರತನ್ ಅಳುವಲ್ಲಿಗೆ ಕತೆ ನಿಲ್ಲುವುದಿಲ್ಲ. ಮನುಷ್ಯನ ಹೃದಯ ಎಷ್ಟು ಬುದ್ಧಿಯಿಲ್ಲದ್ದು ಅಂತ ತಾವೇ ನಾಲ್ಕು ಮಾತು ಸೇರಿಸುತ್ತಾರೆ. ಅದು ಬೇಕಿರಲಿಲ್ಲ. 1961ರ ‘ತೀನ್ ಕನ್ಯಾ’ದಲ್ಲಿ ಸತ್ಯಜಿತ್ ರಾಯ್ ಇದನ್ನು ಸಿನಿಮಾ ಮಾಡಿದಾಗ ಆ ಮಾತನ್ನೆಲ್ಲ ಕೈಬಿಟ್ಟರು. ಅಲ್ಲಿ ರತನ್ ನೀರಿನ ಬಕೆಟ್ ಹಿಡಿದು, ಹೊರಟವನ ಕಡೆ ತಿರುಗಿಯೂ ನೋಡದೆ ದಾಟಿ ಹೋಗುತ್ತಾಳೆ.

‘ಕಾಬೂಲಿವಾಲಾ’ ಎಲ್ಲರೂ ಓದಿದ ಕತೆ, ಜಾಸ್ತಿ ಹೇಳುವುದಿಲ್ಲ. ಕಾಗದದ ಮೇಲೆ ಮಸಿಯಲ್ಲಿ ಒತ್ತಿದ ಮಗಳ ಪುಟ್ಟ ಕೈಗುರುತು ತೋರಿಸುತ್ತಾನೆ ರಹಮತ್, ಕಾಬೂಲಿನಿಂದ ಕಲ್ಕತ್ತಾಕ್ಕೆ ವ್ಯಾಪಾರಕ್ಕೆ ಬಂದವನು. ಮಿನಿಯ ಅಪ್ಪ ಅವನಿಗೆ ಊರಿಗೆ ಹೋಗಲು ಹಣ ಕೊಡುತ್ತಾನೆ. ಅದಕ್ಕಾಗಿ ಮಿನಿಯ ಮದುವೆಯ ದೀಪ, ಬ್ಯಾಂಡು ಬಿಟ್ಟುಹೋಗುತ್ತವೆ, ಮನೆಯ ಹೆಂಗಸರು ಗೊಣಗುತ್ತಾರೆ. ಆದರೂ ಮಂಗಳದ ಬೆಳಕಿನಿಂದ ಮನೆ ಬೆಳಗಿತು ಅನ್ನುತ್ತಾನೆ ಅವನು. ಈ ಮಾತಿಗೆ ಗೆರೆ ಎಳೆಯಲು ನನ್ನ ಅಡ್ಡಿ ಇಲ್ಲ. ಅವನು ಮೊದಲು ಕೈ ಬಿಚ್ಚಿ ಆಮೇಲೆ ಮಾತಾಡಿದ.

ಪೋಸ್ಟ್‌ಮಾಸ್ಟರನೂ ದಾರಿ ಖರ್ಚಿಗೆ ಮಾತ್ರ ಇಟ್ಟುಕೊಂಡು ತಿಂಗಳ ಸಂಬಳವನ್ನೇ ಕೊಡಲು ಹೋದನಲ್ಲ ಅಂತ ನೀವು ಕೇಳಬಹುದು. ಹೌದು, ಹೋದ. ರತನ್ ಕಾಲಿಗೆ ಬಿದ್ದು, ಏನೂ ಕೊಡಬೇಡಿ ಅಂತ ಹೇಳಿ ಓಡಿಹೋದಳು. ರಹಮತ್‌ಗೆ ಮಗಳ ಹತ್ತಿರ ಹೋಗಲು ಹಣವೇ ಬೇಕಿತ್ತು. ರತನ್ ಕೇಳಿದ್ದು ಹಣವನ್ನಲ್ಲ. ಇದನ್ನು ಒಪ್ಪದವರು ಇಲ್ಲಿ ಇದ್ದೇ ಇರುತ್ತಾರೆ. ಮೈಕ್ ಆ ಕಡೆ ಕೊಡುತ್ತೇನೆ, ಬನ್ನಿ, ಮಾತಾಡಿ.