ಇಂದು ನಗದು, ನಾಳೆ ಉದ್ರಿ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಚೌಕಿಪೇಟೆ ಹತ್ತಿರ ನಮ್ಮಪ್ಪನದೊಂದು ಸಣ್ಣ ಕಿರಾಣಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಒಂದು ತಗಡಿನ ಬೋರ್ಡು: ‘ಇಂದು ನಗದು, ನಾಳೆ ಉದ್ರಿ’. ಅದರ ಕೆಳಗೇ ಒಂದು ಮೊಳೆ. ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಉದ್ದನೆಯ ಉದ್ರಿ ಪುಸ್ತಕ. ಬೋರ್ಡಿನ ಮಾತನ್ನು ಆ ಪುಸ್ತಕ ದಿನಾ ಸುಳ್ಳು ಮಾಡುತ್ತಿತ್ತು. ಶಾಲೆ ಬಿಟ್ಟ ಮೇಲೆ ಅದರಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ತೊಗರಿಬೇಳೆ ಅರ್ಧ ಕೆಜಿ, ಬೆಲ್ಲ ಕಾಲು ಕೆಜಿ, ಕಡ್ಡಿಪೆಟ್ಟಿಗೆ ಎರಡು.

ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಆಗುವ ಮುಂಚೆ ಹಳೆ ಬಾಕಿ ವಸೂಲಿಗೂ ಅಪ್ಪ ನನ್ನನ್ನೇ ಅಟ್ಟುತ್ತಿದ್ದರು. ಹುಡುಗಿ ಹೋದರೆ ಯಾರೂ ಬೈಯೋದಿಲ್ಲ ಅನ್ನೋದು ಅವರ ಲೆಕ್ಕಾಚಾರ. ಮಿಲ್ಲಿನ ಕೂಲಿಯವರ ಮನೆಗೆ ಹೋದರೆ ಆ ಮನೆಯಾಕೆ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿಯಾದರೂ ಕೈಗೆ ಹಾಕುತ್ತಿದ್ದಳು. ದೊಡ್ಡ ಕಾಂಪೌಂಡಿನ ಮನೆಗಳಲ್ಲಿ ಮಾತ್ರ ಗೇಟಿನ ಆಚೆಯಿಂದಲೇ ಉತ್ತರ: ‘ಸಾಹೇಬ್ರು ಇಲ್ಲ, ನಾಳೆ ಬಾರಮ್ಮ.’

ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಹತ್ತಿ ಗಿರಣಿಗಳ ಕೂಗಿಗೆ ಊರು ಏಳುತ್ತಿತ್ತು. ಆಮೇಲೆ ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ಪಗಾರ ನಿಂತ ಮನೆಗಳಿಗೆ ಯಾವ ಬ್ಯಾಂಕೂ ಅಕ್ಕಿ ಕಳಿಸಲಿಲ್ಲ, ಕಳಿಸಿದ್ದು ಓಣಿಯ ಅಂಗಡಿಗಳು. ಎಷ್ಟೋ ಲೆಕ್ಕ ಕಡೆಗೂ ಚುಕ್ತಾ ಆಗಲಿಲ್ಲ. ಒಂದು ರಾತ್ರಿ ಅಪ್ಪ ಆ ಹಾಳೆಗಳಿಗೆ ಅಡ್ಡಗೆರೆ ಎಳೆಯುತ್ತಾ ಕೂತಿದ್ದರು. ಯಾರ ಹೆಸರೂ ಎತ್ತಲಿಲ್ಲ.

ನನ್ನ ತಕರಾರು ಆ ಉದ್ರಿಯ ಮೇಲಲ್ಲ. ಗೇಟಿನ ಆಚೆಯ ಉದ್ರಿಯ ಮೇಲೆ. ಕೈಯಲ್ಲಿ ದುಡ್ಡಿದ್ದೂ ಬರೆಸುವ ಉದ್ರಿ.

ಊರಿನ ವ್ಯಾಪಾರಸ್ಥರು ಉಳೀಬೇಕು ಅಂತ ಈಗ ಎಲ್ಲರೂ ಹೇಳ್ತೀವಿ, ನಾನೂ ಹೇಳ್ತೀನಿ. ಆದರೆ ಮೊಬೈಲಿನಲ್ಲಿ ತರಿಸೋ ಮಿಕ್ಸಿಗೆ, ಅದರ ಮುಖ ನೋಡೋ ಮುಂಚೆಯೇ ಪೂರ್ತಿ ದುಡ್ಡು ಕಟ್ಟುತ್ತೀವಿ. ಓಣಿಯ ಅಂಗಡಿಯಲ್ಲಿ ಮಾತ್ರ ‘ಬರ್ಕೊಳ್ರಿ ಅಣ್ಣ, ಆಮೇಲೆ ನೋಡೋಣ.’ ಅಭಿಮಾನ ಇಲ್ಲಿ, ನಗದು ಅಲ್ಲಿ.

ಇದು ಸಣ್ಣವರಿಗೆ ಹೇಗೆ ಬಿಸಿ ತಟ್ಟುತ್ತದೆ ಅಂತ ತಿಳಿಯಬೇಕಾದರೆ ಒಂದು ಮಂಡಕ್ಕಿ ಭಟ್ಟಿಯಲ್ಲಿ ಅರ್ಧ ಗಂಟೆ ನಿಲ್ಲಬೇಕು. ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಇಟ್ಟಿರುತ್ತಾರೆ. ಕಡೆಗೆ ಅದು ಕಾದ ಮರಳಿಗೆ ಬೀಳುತ್ತದೆ. ಚಟಪಟ ಅಂತ ಒಂದು ಸದ್ದು, ಕಣ್ಣು ಮಿಟುಕಿಸೋದರಲ್ಲಿ ಬೆಳ್ಳಗೆ ಅರಳಿ ಮೇಲೇಳುತ್ತದೆ. ಜರಡಿ ಆಡಿಸಿದರೆ ಮರಳು ಕೆಳಕ್ಕೆ, ಮಂಡಕ್ಕಿ ಮೇಲಕ್ಕೆ. ಬೆಂಕಿಯ ಮುಂದೆ ಕೂತವನ ಬೆನ್ನು ಚಳಿಗಾಲದಲ್ಲೂ ಬೆವರುತ್ತಿರುತ್ತದೆ. ಭತ್ತ ಕೊಂಡಾಗ ದುಡ್ಡು ಎಣಿಸಬೇಕು. ಕೂಲಿಯನ್ನು ವಾರಕ್ಕೆ ಸರಿಯಾಗಿ ಕೊಡಬೇಕು. ಉರುವಲಿಗೆ ಕೈಮೇಲೆ ಕಾಸು. ಅರಳಿದ ಮಂಡಕ್ಕಿ ಮಾತ್ರ ಚೀಲಗಟ್ಟಲೆ ಉದ್ರಿ ಹೋಗುತ್ತದೆ. ಹೋಗೋ ದುಡ್ಡಿಗೆ ಓಟ, ಬರೋ ದುಡ್ಡಿಗೆ ಕುಂಟು. ನಡುವಿನ ದಿನಗಳಿಗೆಲ್ಲ ಬಡ್ಡಿ. ನಾನು ಕಾಮರ್ಸ್ ಪಾಠ ಹೇಳಿಕೊಂಡು ಬದುಕಿದವಳು. ಪುಸ್ತಕದಲ್ಲಿ ಲಾಭ ತೋರಿಸುತ್ತಲೇ, ಕೈಯಲ್ಲಿ ಕಾಸಿಲ್ಲದೆ ಮುಚ್ಚಿಹೋದ ಅಂಗಡಿಗಳನ್ನು ಕಣ್ಣಾರೆ ಕಂಡಿದ್ದೀನಿ.

ಅದೇ ಮಂಡಕ್ಕಿ ಬೆಣ್ಣೆದೋಸೆಯ ಹಿಟ್ಟಿಗೂ ಬೀಳುತ್ತದೆ, ನಿಮಗೆ ಗೊತ್ತು. ದೋಸೆ ಹೋಟೆಲುಗಳು ನಮ್ಮೂರಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದ್ದಕ್ಕೆ ರುಚಿ ಒಂದೇ ಕಾರಣ ಅಲ್ಲ ಅಂತ ನನಗೊಂದು ಗುಮಾನಿ. ದೋಸೆಯನ್ನು ಯಾರೂ ಉದ್ರಿ ತಿನ್ನೋದಿಲ್ಲ. ಕೈ ತೊಳೆದು ಬಂದು ದುಡ್ಡು ಇಟ್ಟೇ ಹೋಗುತ್ತಾರೆ. ಸಂಜೆಯೊಳಗೆ ಆ ದುಡ್ಡು ಹಳ್ಳಿಯಿಂದ ಬೆಣ್ಣೆ ತಂದವಳಿಗೆ, ಆಲೂಗಡ್ಡೆ ಮಂಡಿಗೆ, ಸೌದೆ ಗಾಡಿಗೆ ಹಂಚಿಹೋಗಿರುತ್ತದೆ. ಊರಿನ ದುಡ್ಡು ಊರಲ್ಲೇ ನಾಲ್ಕು ಕೈ ದಾಟೋದು ಅಂದರೆ ಹೀಗೆ.

ದೊಡ್ಡ ಗಿರಾಕಿಗಳ ಕತೆ ಬೇರೆ. ನನ್ನ ಗೆಳತಿಯದೊಂದು ಆಫ್‌ಸೆಟ್ ಪ್ರೆಸ್ಸು. ಒಂದು ದೊಡ್ಡ ಸಂಸ್ಥೆಗೆ ಅರ್ಜಿ ಫಾರಂ, ರಸೀದಿ ಪುಸ್ತಕ ಅಚ್ಚು ಹಾಕಿಕೊಟ್ಟಳು. ಬಿಲ್ಲು ಎಂಟು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿತು. ಕಾನೂನು ಇದೆ. ಸೂಕ್ಷ್ಮ, ಸಣ್ಣ ಉದ್ಯಮದವರ ದುಡ್ಡನ್ನು ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2006ರ ಕಾಯ್ದೆ ಇದು. ದೂರು ಕೇಳೋದಕ್ಕೆ ಫೆಸಿಲಿಟೇಶನ್ ಕೌನ್ಸಿಲ್ ಅಂತ ಇದೆ. ಉದ್ಯಮ್ ಅನ್ನೋ ಸಣ್ಣ ಉದ್ಯಮದವರ ಸರ್ಕಾರಿ ನೋಂದಣಿ ಮೊದಲೇ ಮಾಡಿಸಿರಬೇಕು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಗೆಳತಿಯ ಹತ್ತಿರ ನೋಂದಣಿ ಇತ್ತು. ‘ಹಾಗಾದರೆ ದೂರು ಕೊಡೇ’ ಅಂದೆ. ‘ಕೊಟ್ಟರೆ ಮುಂದಿನ ವರ್ಷ ಆರ್ಡರ್ ನೀನು ಕೊಡ್ತೀಯಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನು ಮಾಲು ಕೊಂಡು ಮಾರುವ ಕಿರಾಣಿಯವರಿಗೆ ಈ 45 ದಿನದ ರಕ್ಷಣೆಯೂ ಸಿಗೋದಿಲ್ಲ.

ತಳ್ಳುಗಾಡಿಯವರದು ದಿನದ ಬದುಕು. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ಕೇಳುವ ಮೀಟರ್ ಬಡ್ಡಿಯವರು ಮಾರ್ಕೆಟ್ಟಿನಲ್ಲಿ ಯಾವತ್ತೂ ಇದ್ದಾರೆ. ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡಿಸೋದಕ್ಕೆ 2020ರಲ್ಲಿ ಶುರುವಾದ ಕೇಂದ್ರದ ಯೋಜನೆ ಪಿಎಂ ಸ್ವನಿಧಿಯಲ್ಲಿ ಮೊದಲ ಸಾಲ 10,000 ರೂಪಾಯಿ ಇತ್ತು, 2025ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ಕಂತು ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ 7ರ ಲೆಕ್ಕದಲ್ಲಿ ಬಡ್ಡಿ ಸಹಾಯಧನ. ನಿಮ್ಮ ಸೊಪ್ಪಿನ ಅಜ್ಜಿಗೆ ಇದು ಗೊತ್ತಿಲ್ಲದಿದ್ದರೆ ಹೇಳಿ, ಅರ್ಜಿ ತುಂಬಿಕೊಡಿ. ಮೂರು ರೂಪಾಯಿಗೆ ಚೌಕಾಶಿ ಮಾಡೋ ಹೊತ್ತಿನಲ್ಲಿ ಆಗೋ ಕೆಲಸ.

ಅಂಗಡಿಯವರೇನು ದೇವರಲ್ಲ. ತಾರೀಕು ಮುಗಿದ ಬಿಸ್ಕತ್ತನ್ನು ಹಿಂದಕ್ಕೆ ಕೊಡಹೋದರೆ ಮುಖ ಆ ಕಡೆ ತಿರುಗಿಸುತ್ತಾರೆ. ಬಿಲ್ಲು ಕೇಳಿದರೆ ಸಿಟ್ಟು. ನಮ್ಮೂರಿನವರು ಅನ್ನೋ ಒಂದೇ ಕಾರಣಕ್ಕೆ ಹುಳ ಬಿದ್ದ ರವೆ ಯಾಕೆ ಕೊಳ್ಳಬೇಕು? ಕೊಳ್ಳಬೇಡಿ, ಮುಖದ ಮೇಲೇ ಹೇಳಿ. ಹಾಗೆ ಹೇಳೋ ಹಕ್ಕು ಬರಬೇಕಾದರೆ ನಮ್ಮ ಬಾಕಿ ಚುಕ್ತಾ ಆಗಿರಬೇಕು, ಅಷ್ಟೆ.

ಇಷ್ಟು ಮಾತಾಡಿದ ನನ್ನದೂ ಓಣಿಯ ಅಂಗಡಿಯಲ್ಲಿ 1,840 ರೂಪಾಯಿ ಬಾಕಿ ಇತ್ತು. ಎರಡು ತಿಂಗಳದು. ಪಿಂಚಣಿ ತಿಂಗಳ ಮೊದಲಲ್ಲೇ ಬರುತ್ತದೆ, ದುಡ್ಡಿಲ್ಲ ಅಂತಲ್ಲ, ನೆನಪಾಗಲಿಲ್ಲ. ನೆನಪಾಗದೇ ಇದ್ದದ್ದು ಅಲ್ಲಿ ಯಾರೂ ನೆನಪು ಮಾಡೋದಿಲ್ಲ ಅಂತ. ಈ ಭಾಷಣ ಬರೆಯಲು ಕೂತವಳು ನಾಚಿಕೆಯಾಗಿ ಎದ್ದು ಹೋಗಿ ಕೊಟ್ಟುಬಂದೆ. ಅಂಗಡಿಯ ಅಕ್ಕ ನನ್ನ ಹಾಳೆ ಹುಡುಕಿ ಅಡ್ಡಗೆರೆ ಎಳೆದರು. ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಲೇ ಇಲ್ಲ. ಹೊರಗೆ ಟಿವಿಎಸ್ ಗಾಡಿಯ ಮೇಲೆ ಮಂಡಕ್ಕಿ ಚೀಲ ಹೇರಿಕೊಂಡು ಒಬ್ಬ ಹುಡುಗ ಕಾಯುತ್ತಾ ನಿಂತಿದ್ದ. ‘ತಗೋ, ಹೋದ ವಾರದ್ದೂ ಸೇರಿ’ ಅಂತ ಅವನ ಕೈಗೆ ಕೊಟ್ಟರು. ಅವನು ಎರಡು ಸಲ ಎಣಿಸಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಗಾಡಿ ತಿರುಗಿಸಿದ.

ನಮಸ್ಕಾರ.